ಎರಡು ಮಾರು ಎಡಕ್ಕೆ

ಪಂಚಮಿ ಬಂತೆಂದರೆ ಸಾಕು, ಎಲ್ಲರೂ ಜೋಕಾಲಿಯ ಮಾತು ತೆಗೆಯುತ್ತಾರೆ. ತವರು, ಜೋಕಾಲಿ, ಉಂಡಿ, ಹೊಸ ಸೀರೆ. ನನಗೋ ಜೋಕಾಲಿ ಎಂದರೆ ಮೊದಲಿನಿಂದಲೂ ಆಗದು; ಎರಡು ಸಲ ಜೀಕಿದರೆ ಹೊಟ್ಟೆ ತೊಳಸುತ್ತದೆ. ನನ್ನ ಪಂಚಮಿ ಬೇರೆಯೇ ಇತ್ತು. ಅದು ನಮ್ಮೂರ ಅಗಸಿಯಿಂದ, ಅಂದರೆ ಊರಬಾಗಿಲಿನಿಂದ, ಸವದತ್ತಿ ರಸ್ತೆಯ ಕ್ರಾಸಿನವರೆಗಿನ ಎರಡು ಕಿಲೋಮೀಟರಿನಲ್ಲಿತ್ತು. ಆ ರಸ್ತೆಯ ಮೇಲೆ ನನ್ನ ಅಣ್ಣ ನಿಂಬೆಹಣ್ಣು ಎಸೆಯುತ್ತಿದ್ದ.

ಗೊತ್ತಿಲ್ಲದವರಿಗಾಗಿ ಆಟ ಹೇಳಿಬಿಡುತ್ತೇನೆ. ಬೈಲಹೊಂಗಲ, ಸವದತ್ತಿ ಕಡೆಯ ನಮ್ಮ ಹಳ್ಳಿಗಳಲ್ಲಿ ನಾಗರ ಪಂಚಮಿಯ ಹೊತ್ತಿಗೆ ಗಂಡಸರು ಪಂದ್ಯ ಕಟ್ಟುತ್ತಾರೆ. ಇಂಥಲ್ಲಿಂದ ಇಂಥಲ್ಲಿಗೆ ಇಷ್ಟೇ ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸಬೇಕು. ಹಣ್ಣು ಉರುಳಿ ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಎಸೆತ. ಒಡೆದರೆ ಬೇರೆ ಹಣ್ಣು ತೆಗೆದುಕೊಳ್ಳಬಹುದು. ಆದರೆ ರಸ್ತೆ ಬಿಟ್ಟು ಹೊಲಕ್ಕೆ ಬಿತ್ತೋ, ಎಸೆತ ಒಂದು ಖರ್ಚಾಯಿತು, ದೂರ ಒಂದು ಗೇಣೂ ಸಿಗಲಿಲ್ಲ. ನಿಂತಲ್ಲಿಂದಲೇ ಮತ್ತೆ ಎಸೆಯಬೇಕು. ಕೇಳಲು ಸಸಾರ. ಆದರೆ ನಮ್ಮ ರಸ್ತೆ ಉತ್ತರಕ್ಕೆ ಮುಖ ಮಾಡಿದೆ, ಶ್ರಾವಣದ ಗಾಳಿ ಪಡುವಣದಿಂದ ಅಡ್ಡಡ್ಡ ಬಡಿಯುತ್ತದೆ. ನಿಂಬೆಹಣ್ಣಿಗೆ ತೂಕವಾದರೂ ಎಷ್ಟಿರುತ್ತದೆ?

ಅಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವ. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಮುಂಜಾನೆ ಹೋದವನು ಮಧ್ಯಾಹ್ನ ಊಟಕ್ಕೆ ಬರುವಾಗ ರೆಪ್ಪೆ, ಹುಬ್ಬು, ಮೀಸೆ ಎಲ್ಲಾ ಬೆಳ್ಳಗಾಗಿ ಅಜ್ಜನಾಗಿರುತ್ತಿದ್ದ. ಪಂಚಮಿಗೆ ನಮ್ಮಲ್ಲಿ ಬೀಸುವಂತಿಲ್ಲ, ಗಿರಣಿಗೆ ಬೀಗ. ಹಾಗಾಗಿ ಆ ಎರಡು ಮೂರು ದಿನ ಮಾತ್ರ ಅವನ ಮುಖ ಅದರ ನಿಜವಾದ ಬಣ್ಣದಲ್ಲಿ ನೋಡಲು ಸಿಗುತ್ತಿತ್ತು. ಪಂದ್ಯದ ದಿನ ಬಕೆಟ್‌ನಲ್ಲಿ ನೀರು ತುಂಬಿ ಹಣ್ಣು ಹಾಕುತ್ತಿದ್ದ. ಮೇಲೆ ತೇಲುವುದನ್ನು ಅವ್ವನಿಗೆ ಉಪ್ಪಿನಕಾಯಿಗೆ ಕೊಡುವುದು, ತಳಕ್ಕೆ ಕೂರುವುದನ್ನು ಕಿಸೆಗೆ ಹಾಕುವುದು. ಭಾರದ ಹಣ್ಣನ್ನು ಗಾಳಿ ಅಷ್ಟು ಸುಲಭಕ್ಕೆ ಎಳೆಯುವುದಿಲ್ಲ ಎಂಬುದು ಅವನ ಲೆಕ್ಕ. ನಮ್ಮೂರಲ್ಲಿ ಅವನನ್ನು ಸೋಲಿಸಿದವರು ಇರಲಿಲ್ಲ. ಇದನ್ನು ತಂಗಿಯ ಅಭಿಮಾನದಿಂದ ಹೇಳುತ್ತಿಲ್ಲ. ಅಥವಾ ಅಭಿಮಾನದಿಂದಲೇ ಹೇಳುತ್ತಿದ್ದೇನೆ, ಏನೀಗ?

ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಸಲ ಅವನು ಎಸೆದ ಹಣ್ಣು ಹೋಗಿ ಹೆಸರುಕಾಳಿನ ಹೊಲದಲ್ಲಿ ಬಿತ್ತು. ‘ನಾ ಹೇಳತಿದ್ದೆ, ಗಾಳಿ ಐತಿ ಅಂತ’ ಅಂದುಬಿಟ್ಟೆ. ಗಂಡಸರೆಲ್ಲ ನಕ್ಕರು. ಅಣ್ಣ ನಗಲಿಲ್ಲ. ನನ್ನನ್ನು ಹತ್ತಿರ ಕರೆದು, ‘ಹೆಂಗ ಗೊತ್ತಾತು?’ ಎಂದು ಕೇಳಿದ. ಕಾಲಬಳಿಯ ಹುಲ್ಲು ತೋರಿಸಿದೆ. ಆಗ ತಲೆಗೊಂದು ಮೊಟಕಿದ.

‘ಕೆಳಗ ಏನ ನೋಡ್ತಿ, ಹುಚ್ಚಿ! ಹಣ್ಣ ನಿನ್ನ ಕಾಲಾಗ ಹಾರತೈತೇನ? ಮುಗಲಾಗ ಹಾರತೈತಿ. ಮ್ಯಾಲ ನೋಡು.’

ಅವತ್ತಿನಿಂದ ಮೇಲೆ ನೋಡಲು ಕಲಿತೆ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟ ಹತ್ತಿ ಕವಣೆ ಬೀಸುವಾಗ ಅದೇ ಅಭ್ಯಾಸ ಮಾಡಿದೆ. ಎಸೆದದ್ದು ಹೋಗುವಾಗ ನೆಟ್ಟಗೇ ಹೋದಂತೆ ಕಾಣುತ್ತದೆ, ಅದರಲ್ಲೇ ಎಲ್ಲರೂ ಮೋಸ ಹೋಗುತ್ತಾರೆ. ಕೈಯ ಜೋರು ಇರುವತನಕ ಅದು ಗಾಳಿಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಮೇಲೆ ಹೋಗಿ ಜೋರು ತಗ್ಗಿದಾಗ ಪಕ್ಕಕ್ಕೆ ಸರಿದದ್ದು ಕಣ್ಣಿಗೆ ಬೀಳುತ್ತದೆ, ಇಳಿಯುವಾಗ ಓರೆಯಾಗಿ ಇಳಿಯುತ್ತದೆ. ಎಷ್ಟು ಹೊತ್ತು ಮೇಲಿರುತ್ತದೋ ಅಷ್ಟು ಸರಿಯುತ್ತದೆ. ತಗ್ಗಿಸಿ ಎಸೆದರೆ ಸರಿಯುವುದು ಕಡಿಮೆ, ಆದರೆ ದೂರ ಸಿಗದು. ಎತ್ತರಿಸಿದರೆ ದೂರ ಸಿಗುತ್ತದೆ, ಹೊಲ ಕಾದಿರುತ್ತದೆ. ಹಾಗಾಗಿ ಹಣ್ಣು ಎಲ್ಲಿ ಬೀಳಬೇಕೋ ಅಲ್ಲಿಗೆ ಗುರಿ ಇಡಲೇಬಾರದು. ಗಾಳಿ ಬರುವ ದಿಕ್ಕಿಗೆ, ಅದರ ಮುಖಕ್ಕೇ ಗುರಿ ಇಡಬೇಕು, ಉಳಿದದ್ದನ್ನು ಗಾಳಿಯೇ ತಂದು ರಸ್ತೆಗೆ ಹಾಕುತ್ತದೆ.

ಪಂದ್ಯದಲ್ಲಿ ನನ್ನ ಕೆಲಸ ಅದೇ ಆಯಿತು. ಅಣ್ಣನಿಗಿಂತ ಮೂವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು, ಗಿಡಗಳ ತುದಿ ನೋಡುವುದು, ಓಡಣಿಯ ತುದಿ ಎತ್ತಿ ಹಿಡಿಯುವುದು. ಅವನು ಹಿಂದಿನಿಂದ ಕೂಗಿ ಕೇಳುತ್ತಿದ್ದ, ‘ಎಷ್ಟ?’ ನಾನು ಕೂಗುತ್ತಿದ್ದೆ, ‘ಎರಡ ಮಾರ ಎಡಕ್ಕ!’ ಒಂದು ಮಾರು ಎಂದರೆ ಚಾಚಿದ ಎರಡು ತೋಳಿನಷ್ಟು. ಕೆಲವು ಸಲ ಒಂದೂವರೆ, ಕೆಲವು ಸಲ ಮೂರು. ನಾನು ಹೇಳಿದಲ್ಲಿಗೆ ಎಸೆಯುತ್ತಿದ್ದ. ಬೇರೆಯವರು ಹಲ್ಲು ಕಿಸಿಯುತ್ತಿದ್ದರು, ‘ಹೆಣ್ಣಹುಡುಗಿ ಮಾತ ಕೇಳಿ ಒಗೀತಾನಲೇ ಇಂವ’ ಎಂದು. ಅಣ್ಣ ಕೈ ಒರೆಸಿಕೊಳ್ಳುತ್ತಾ ಹೇಳುತ್ತಿದ್ದ, ‘ನಿಮಗ ಎರಡ ಕಣ್ಣು, ನನಗ ನಾಕ. ಹೊಟ್ಟಿಕಿಚ್ಚ ಪಡಬ್ಯಾಡ್ರಿ.’

ನನಗೆ ರಾಮದುರ್ಗದಿಂದ ಸಂಬಂಧ ಬಂತು. ನೇಕಾರರ ಮನೆ, ಎರಡು ಮಗ್ಗ. ಮದುವೆ ವೈಶಾಖದಲ್ಲಿ ಆಯಿತು. ಮಗ್ಗದ ಸಪ್ಪಳಕ್ಕೆ ಮೊದಲ ವಾರ ತಲೆ ಒಡೆದುಹೋಗುತ್ತದೆ ಅನ್ನಿಸಿತ್ತು, ಎರಡನೇ ತಿಂಗಳಿಗೆ ಅದಿಲ್ಲದೆ ಕಣ್ಣು ಮುಚ್ಚದಂತಾಯಿತು. ನನ್ನ ಗಂಡ ಮಾತು ಕಡಿಮೆ ಮನುಷ್ಯ. ಕಡಿದ ಎಳೆ ಗಂಟು ಹಾಕುವುದನ್ನು ನನಗೆ ಕಲಿಸುತ್ತಾ ಬೆರಳು ಮುಟ್ಟಿದರೆ ತಾನೇ ನಾಚುತ್ತಿದ್ದ. ಇಂಥವನನ್ನು ಬಿಟ್ಟು ಮೊದಲ ಪಂಚಮಿಗೆ ತವರಿಗೆ ಬಂದೆ. ಬಂದ ದಿನವೇ ಅವ್ವ ಓಣಿಗೆಲ್ಲ ಸಾರಿದಳು, ‘ನಮ್ಮ ಮಗಳು ಗಣಪತಿ ಹಬ್ಬದ ತನಕ ಇಲ್ಲೇ.’ ಹೊಸದಾಗಿ ಮದುವೆಯಾದ ಮಗಳು ಶ್ರಾವಣವೆಲ್ಲ ತವರಲ್ಲಿ ಉಂಡುಟ್ಟು ಇರುವುದು ನಮ್ಮ ಮನೆಯ ಪದ್ಧತಿ. ಬೆರಳು ಮಡಚಿ ಎಣಿಸಿದೆ, ಪೂರಾ ಒಂದು ತಿಂಗಳು. ಆದರೆ ಬಾಯಿ ಬಿಟ್ಟು ಹೇಗೆ ಹೇಳುವುದು, ಗಂಡನ ಮನೆಗೆ ಹೋಗಬೇಕು ನನಗೆ ಎಂದು? ಊರು ನಗುತ್ತದೆ, ಅವ್ವ ಅಳುತ್ತಾಳೆ. ಕೊಟ್ಟ ಉಂಡಿ ತಿಂದೆ.

ಹಬ್ಬದ ಮರುದಿನ, ಕರಿ ದಿನ, ನನ್ನ ಗಂಡ ಮತ್ತು ಅವನ ಅಣ್ಣ ಬಸ್ಸಿಳಿದು ಬಂದೇ ಬಿಟ್ಟರು. ಮಗ್ಗದ ಕೆಲಸ ಬಹಳ ಐತಿ, ಕಳಿಸಿಕೊಡ್ರಿ ಎಂದು ಭಾವನವರು ಅಪ್ಪನ ಮುಂದೆ ಏನೇನೋ ಹೇಳಿದರು. ನನ್ನ ಗಂಡ ಹಿತ್ತಿಲಲ್ಲಿ ಕೈ ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ತಲೆ ಎತ್ತದೆ ಹೇಳಿದ, ‘ಮಗ್ಗದ ಸಪ್ಪಳ ಒಂದ ಬಿಟ್ರ ಮನ್ಯಾಗ ಏನೂ ಇಲ್ಲ.’ ಇಷ್ಟೇ. ತೊಳೆದ ಕೈಗೇ ಇನ್ನೊಂದು ತಂಬಿಗೆ ನೀರು ಹಾಕಿದೆ.

ಅಪ್ಪ ಒಪ್ಪಲಿಲ್ಲ, ಭಾವನವರು ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಆಗ ಭಾವನವರು ಅಣ್ಣನ ಕಡೆ ತಿರುಗಿ, ‘ಬೀಗರ, ನೀವು ಭಾಳ ಒಗೀತೀರಂತಲ್ಲ, ನೋಡೂಣಂತ. ಅಗಸಿಯಿಂದ ಕ್ರಾಸಿಗೆ ಮೂವತ್ತೊಂದ ಒಗತ. ಮುಟ್ಟಿಸಿದ್ರ ಗಣಪತಿ ತನಕ ಇರ್ಲಿ. ಇಲ್ಲಾಂದ್ರ ಇವತ್ತ ಐದರ ಬಸ್ಸಿಗೆ ನಮ್ಮ ಜೋಡಿ ಬರ್ಲಿ’ ಎಂದರು.

ಅಣ್ಣನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದ್ದು ನಿಂತ. ‘ಆತು. ಸೋತ್ರ ನಾ ಮತ್ತ ಜನ್ಮದಾಗ ನಿಂಬಿಹಣ್ಣ ಒಗ್ಯಾಂಗಿಲ್ಲ!’

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ ನನಗೆ ಮೈಯೆಲ್ಲಾ ಉರಿಯಿತು. ಇರುವವಳು ನಾನು, ಹೋಗುವವಳು ನಾನು. ಒಬ್ಬರಾದರೂ ನನ್ನ ಕಡೆ ತಿರುಗಿ, ನಿನಗೇನು ಬೇಕವ್ವಾ ಎಂದು ಕೇಳಿದರಾ? ಅಪ್ಪ ಕೇಳಲಿಲ್ಲ, ಅವ್ವ ಕೇಳಲಿಲ್ಲ, ಭಾವನವರು ಕೇಳುವವರೇ ಅಲ್ಲ. ನನ್ನ ಗಂಡ ಬಾಯಿದ್ದೂ ಮೂಕ. ಈ ಸಿಟ್ಟು ನನಗೆ ಎಷ್ಟೋ ವರ್ಷ ಇತ್ತು.

ಮಧ್ಯಾಹ್ನ ಊರೇ ಅಗಸಿಗೆ ಬಂತು. ‘ಮದುವಿ ಆದಾಕಿ, ಸೆರಗ ಹಾರಿಸ್ಕೋತ ಗಂಡಸರ ಮುಂದ ನಿಲ್ತಾಳಂತ’ ಎಂದು ಅವ್ವ ಗೊಣಗಿದಳು. ಅಣ್ಣ, ‘ಆಕಿ ಇಲ್ಲಂದ್ರ ನಾ ಒಗ್ಯಾಂಗಿಲ್ಲ’ ಎಂದ, ಅಲ್ಲಿಗೆ ಮಾತು ಮುಗಿಯಿತು. ಭಾವನವರಂತೂ ಗೆದ್ದೇ ಬಿಟ್ಟವರಂತೆ ನನ್ನ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡೇ ಹೊರಟರು.

ಅವತ್ತಿನಷ್ಟು ಚೆಂದ ಅಣ್ಣ ಎಂದೂ ಎಸೆದಿರಲಿಲ್ಲ. ನಾನೂ ಅಷ್ಟು ಸರಿಯಾಗಿ ಎಂದೂ ಹೇಳಿರಲಿಲ್ಲ, ಮೂವತ್ತನೇ ಎಸೆತದವರೆಗೆ. ಬಾಯಿ ತಾನೇ ಹೇಳುತ್ತಿತ್ತು. ಎಷ್ಟೋ ವರ್ಷದ ರೂಢಿ. ಒಂದೂವರೆ ಮಾರು, ಎರಡು, ಸ್ವಲ್ಪ ತಡಿ ಅಣ್ಣಾ ಗಾಳಿ ಇಳೀಲಿ, ಹಾಂ ಈಗ. ಹಣ್ಣು ಎಡಗಡೆ ಹೊಲದ ಮೇಲೆ ಹೋಗಿ, ಅಯ್ಯೋ ಹೋಯಿತು ಎನ್ನುವಷ್ಟರಲ್ಲಿ ಓರೆಯಾಗಿ ತಿರುಗಿ ರಸ್ತೆಗೆ ಬಂದು ಕುಪ್ಪಳಿಸುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಎರಡು ಸಲ ಮಾತ್ರ ಹೊಲಕ್ಕೆ ಹೋಯಿತು. ಕೊನೆಗೆ ಒಂದೇ ಎಸೆತ ಉಳಿಯಿತು, ಕ್ರಾಸಿನ ಬೇವಿನ ಗಿಡ ಒಂದು ಎಸೆತದಷ್ಟೇ ದೂರ ಇತ್ತು.

ಅಲ್ಲಿ ರಸ್ತೆಯ ಎಡಕ್ಕೆ ಕ್ರಾಸಿನ ತನಕ ಕಬ್ಬು, ಆಳೆತ್ತರಕ್ಕಿಂತ ಮೇಲೆ ಬೆಳೆದದ್ದು. ಬಲಕ್ಕೆ ಶೇಂಗಾದ ಹೊಲ. ಕಬ್ಬು ಅಡ್ಡ ಇದ್ದುದರಿಂದ ರಸ್ತೆಯ ಮೇಲೆ ಗಾಳಿಯೇ ಇರಲಿಲ್ಲ. ಎತ್ತಿ ಹಿಡಿದ ನನ್ನ ಸೆರಗು ಸುಮ್ಮನೆ ಜೋತುಬಿದ್ದಿತ್ತು. ಆದರೆ ಮೇಲೆ ನೋಡಿದೆ. ಕಬ್ಬಿನ ತುದಿಗಳೆಲ್ಲ ಬಲಕ್ಕೆ ಬಾಗಿ ಬಾಗಿ ಏಳುತ್ತಿದ್ದವು. ಎರಡು ಮಾರು, ನಿಶ್ಚಿತವಾಗಿ ಎರಡು ಮಾರು ಎಡಕ್ಕೆ. ಬೇವಿನ ಗಿಡದ ಕೆಳಗೆ ನನ್ನ ಗಂಡ ಒಬ್ಬನೇ ನಿಂತಿದ್ದ. ನನ್ನನ್ನು ನೋಡುತ್ತಿರಲಿಲ್ಲ, ಚಪ್ಪಲಿಯ ತುದಿ ನೋಡುತ್ತಿದ್ದ.

‘ಎಷ್ಟ?’ ಎಂದ ಅಣ್ಣ.

‘ಕಬ್ಬು ಅಡ್ಡ ಐತಿ. ಗಾಳಿ ಇಲ್ಲ. ನೆಟ್ಟಗ ಒಗಿ’ ಎಂದೆ.

ಅವನು ಎಂದೂ ಎರಡನೇ ಸಲ ಕೇಳುತ್ತಿರಲಿಲ್ಲ. ಅವತ್ತು ಕೇಳಿದ. ‘ಖರೇನ, ತಂಗಿ?’

‘ಖರೇ.’

ಎಸೆದ. ನಾನು ಹೇಳಿದಂತೆ, ಬೇವಿನ ಗಿಡಕ್ಕೆ ನೆಟ್ಟಗೆ. ಹಣ್ಣು ಕಬ್ಬಿನ ಎತ್ತರ ದಾಟಿತು, ಮೇಲೆ ಒಂದು ಚಣ ನಿಂತಂತೆ ಕಂಡಿತು, ಆಮೇಲೆ ಬಲಕ್ಕೆ ಹೊರಳಿ ಶೇಂಗಾದ ನಡುವೆ ಎಲ್ಲೋ ಬಿತ್ತು. ಭಾವನವರು ಹೆಗಲ ಮೇಲಿನ ಚೀಲ ಕೆಳಗಿಟ್ಟರು.

ಅಣ್ಣ ತಾನೇ ಹೊಲಕ್ಕಿಳಿದು ಹಣ್ಣು ಹುಡುಕಿ ತಂದ. ಅಂಗಿಗೆ ಒರೆಸಿ ನನ್ನ ಗಂಡನ ಕೈಯಲ್ಲಿಟ್ಟು, ‘ತಗೋರಿ ಅಳ್ಯಾರ, ನೀವ ಗೆದ್ರಿ’ ಎಂದ. ಬಸ್ಸು ಬಂದಾಗ ನನ್ನ ಚೀಲ ಕಿಟಕಿಯಿಂದ ಒಳಗೆ ತೂರಿಸಿ, ‘ಆರಾಮ ಇರು’ ಎಂದು ತಲೆ ಸವರಿದ. ಸವದತ್ತಿಯಲ್ಲಿ ಬಸ್ಸು ಬದಲಿಸುವ ತನಕ ಅಳುತ್ತಲೇ ಇದ್ದೆ. ತವರು ಬಿಟ್ಟುಬಂದ ದುಃಖ ಎಂದು ನನ್ನ ಗಂಡ ತಿಳಿದುಕೊಂಡ. ಆ ನಿಂಬೆಹಣ್ಣನ್ನು ಅತ್ತೆ ಮರುದಿನ ಅವಲಕ್ಕಿಗೆ ಹಿಂಡಿದರು. ನಾನೂ ತಿಂದೆ. ಹುಳಿ ಇತ್ತು, ಇನ್ನೇನು.

ಬಂದದ್ದಕ್ಕೆ ನನಗೆ ಎಂದೂ ಪಶ್ಚಾತ್ತಾಪವಾಗಿಲ್ಲ. ಆ ಶ್ರಾವಣದಷ್ಟು ಸುಖದ ದಿನಗಳನ್ನು ನಾನು ಬೇರೆ ಕಂಡಿಲ್ಲ, ಇದನ್ನು ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೂ ಇಲ್ಲ. ಆದರೆ ಅಣ್ಣ ತನ್ನ ಮಾತು ಹಿಡಿದು ಕೂತ. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆಯಲು ತಾನೇ ರಾಮದುರ್ಗಕ್ಕೆ ಬರುತ್ತಿದ್ದ. ಫೋನು ಮಾಡಿದರೆ ಸಾಕು ಎಂದರೆ ಕೇಳುತ್ತಿರಲಿಲ್ಲ. ಆದರೆ ಕರಿ ದಿನ ಊರವರು ಬಂದು, ‘ಒಂದ ಒಗೀರಿ, ಯಾರ ನೋಡ್ತಾರ’ ಎಂದರೆ, ‘ಮಾತಂದ್ರ ಮಾತ’ ಎಂದು ಗಿರಣಿಯ ಕಟ್ಟೆಯ ಮೇಲೆ ಕೂತು ಬಿಡುತ್ತಿದ್ದ. ಒಂದು ಸಲ ಹಿಂದಿನಿಂದ ನೋಡಿದೆ. ರಸ್ತೆಯಲ್ಲಿ ಯಾರೋ ಎಸೆದಾಗಲೆಲ್ಲ ಅಣ್ಣನ ಬಲ ಹೆಗಲು ಅಂಗಿಯೊಳಗೆ ಅಲುಗುತ್ತಿತ್ತು. ನಾನು ಒಳಗೆ ಹೋಗಿ ಪಾತ್ರೆ ತಿಕ್ಕುತ್ತಾ ಕೂತೆ.

ಹೇಳಿಬಿಡಬೇಕು ಎಂದು ಎಷ್ಟು ಸಲ ಬಾಯಿ ತೆರೆದೆನೋ. ಒಂದು ಸಲ ಫೋನಿನಲ್ಲಿ ಗಟ್ಟಿ ಮನಸ್ಸು ಮಾಡಿ, ‘ಅಣ್ಣಾ, ಆ ವರ್ಷ ಕಬ್ಬಿನ ಕಡೆ ನಾನು’ ಎಂದು ಶುರು ಮಾಡಿದೆ. ‘ಏನಂದಿ? ಗಿರಣಿ ಸಪ್ಪಳ, ಏನೂ ಕೇಳಸವಲ್ದು. ಇಡತೇನಿ’ ಎಂದು ಇಟ್ಟುಬಿಟ್ಟ. ಅವತ್ತು ಅಮಾವಾಸ್ಯೆ, ಗಿರಣಿಗೆ ರಜೆ. ಆಗ ನನಗದು ಹೊಳೆಯಲೇ ಇಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅಣ್ಣ ಹೋದ. ಗಿರಣಿ ಯಂತ್ರದ ಬೆಲ್ಟು ಏರಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಏಳಲಿಲ್ಲ. ಸುದ್ದಿ ಕೇಳಿ ನಾನು ಹೋಗಿ ನೋಡಿದಾಗಲೂ ಹುಬ್ಬಿನಲ್ಲಿ ಹಿಟ್ಟು ಇತ್ತು. ಐವತ್ತೆರಡು ಒಂದು ವಯಸ್ಸೇನು? ಅವನ ಮೇಲೆ ನನಗೆ ಸಿಟ್ಟು ಇನ್ನೂ ಆರಿಲ್ಲ.

ಪಂಚಮಿ ಹತ್ತಿರ ಬಂತು. ಯಾರು ಬರಬೇಕು ಕರೆಯಲು? ಬಾಗಿಲಲ್ಲಿ ಎರಡು ದಿನ ಸುಮ್ಮಸುಮ್ಮನೆ ನಿಂತೆ. ಮೂರನೇ ದಿನ ವೈನಿಯ ಫೋನು ಬಂತು. ವೈನಿ ಎಂದರೆ ಅಣ್ಣನ ಹೆಂಡತಿ. ‘ಅವರಿಲ್ಲಂತ ಬರೂದು ಬಿಡಬ್ಯಾಡ್ರಿ. ನನಗೂ ಮನಿ ಹಿಡಿಸವಲ್ದು, ಬರ್ರಿ’ ಎಂದರು. ಹೋದೆ.

ಹಬ್ಬ ಎನ್ನುವಂಥದ್ದೇನೂ ಇರಲಿಲ್ಲ. ನಾಗಪ್ಪನಿಗೆ ನೈವೇದ್ಯಕ್ಕಷ್ಟೇ ಎಂದು ಇಬ್ಬರೂ ಅಡುಗೆಮನೆಯಲ್ಲಿ ಕೂತು ಶೇಂಗಾದ ಉಂಡಿ ಕಟ್ಟುತ್ತಿದ್ದೆವು. ಶೇಂಗಾ ನೋಡಿದ್ದಕ್ಕೋ ಏನೋ, ಕೈ ನಿಂತಿತು. ಅಳುತ್ತಾ ಎಲ್ಲಾ ಹೇಳಿದೆ. ಗಾಳಿ ಇತ್ತು ವೈನಿ, ನಾನು ಇಲ್ಲ ಎಂದೆ, ನನಗೆ ಹೋಗಬೇಕಿತ್ತು, ಅವನ ಆಟ ನಾನೇ ಕಸಿದುಕೊಂಡೆ, ಹೇಳದೆಯೇ ಕಳಿಸಿದೆ ಅವನನ್ನು.

ವೈನಿ ಉಂಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದದ್ದನ್ನು ಮುಗಿಸಿ ತಾಟಿನಲ್ಲಿಟ್ಟು, ನನ್ನ ಮುಖ ನೋಡಿದರು.

‘ಅವರಿಗೆ ಗೊತ್ತಿತ್ರಿ.’

‘ಏನ ಗೊತ್ತಿತ್ತು?’

‘ಎಲ್ಲಾ. ನಿಮ್ಮ ಬಸ್ ಹೋದ ಮ್ಯಾಲ ಮನಿಗೆ ಬಂದು ಇಲ್ಲೇ ಕುಂತು ಚಾ ಕುಡದ್ರು. ಜನ್ಮದಾಗ ಒಗ್ಯಾಂಗಿಲ್ಲ ಅಂದ್ರೆಲ್ಲ, ಹಿಂಗ ಹೆಂಗ ಸೋತ್ರಿ ಅಂತ ನಾ ಬೈದೆ. ಕಬ್ಬಿನ ತುದಿ ಹೊಯ್ದಾಡಾಕತ್ತಿತ್ತು, ನನಗ ಕಣ್ಣಿಲ್ಲೇನ ಅಂದ್ರು.’

ನನಗೆ ಮೇಲೆ ನೋಡಲು ಕಲಿಸಿದವನೇ ಅವನು. ಮೊದಲ ಮೊಟಕಿನಿಂದ ಆ ಮೂವತ್ತೊಂದನೇ ಎಸೆತದವರೆಗೆ ಗಾಳಿ ಎಷ್ಟಿದೆ ಎಂದು ಅವನಿಗೆ ನನಗಿಂತ ಮೊದಲು ಗೊತ್ತಿರುತ್ತಿತ್ತು.

‘ಮತ್ಯಾಕ ನೆಟ್ಟಗ ಒಗದ?’ ಎಂದೆ.

‘ನಾನೂ ಅದನ್ನ ಕೇಳಿದೆ. ಮನ್ಯಾಗ ಒಬ್ಬರೂ ಆಕೀನ್ನ ಕೇಳಲಿಲ್ಲ, ನಾನರ ಕೇಳಬೇಕಲಾ ಅಂದ್ರು. ಎರಡ ಸಲ ಕೇಳಿದೆ, ಎರಡೂ ಸಲ ಆಕಿ ಹೋಗತೇನಿ ಅಂದ್ಲು ಅಂದ್ರು.’ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ‘ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು. ಗೊತ್ತಾದ್ರ ಆಕಿ ತವರಿಗೆ ಬರಾಕ ನಾಚತಾಳ ಅಂತ.’

ಸಂಜೆ ಐದರ ಬಸ್ಸಿಗೆ ಹೊರಟೆ. ವೈನಿ ಯಾರನ್ನಾದರೂ ಜೊತೆಗೆ ಕಳಿಸುತ್ತೇನೆ ಎಂದರು, ಬೇಡ ಎಂದೆ. ರಸ್ತೆ ಈಗ ಡಾಂಬರು ಕಂಡಿದೆ. ಬೇವಿನ ಗಿಡ ಇದೆ. ಎಡಗಡೆ ಈ ವರ್ಷವೂ ಕಬ್ಬು. ಅಣ್ಣ ಕೊನೆಯ ಸಲ ನಿಂತಿದ್ದ ಜಾಗದಿಂದ ಮೂವತ್ತು ಹೆಜ್ಜೆ ಎಣಿಸಿ ಹೋಗಿ, ನನ್ನ ಜಾಗದಲ್ಲಿ ನಿಂತೆ. ಚೀಲ ಕೆಳಗಿಟ್ಟು ಸೆರಗು ಎತ್ತಿ ಹಿಡಿದೆ. ರಸ್ತೆಯ ಮೇಲೆ ಗಾಳಿ ಇರಲಿಲ್ಲ. ಕಬ್ಬಿನ ತುದಿಗಳು ಬಲಕ್ಕೆ ಬಾಗಿ ಬಾಗಿ ಏಳುತ್ತಿದ್ದವು. ಹಿಂದಿನಿಂದ ಯಾರೂ ಏನೂ ಕೇಳಲಿಲ್ಲ.

‘ಎರಡ ಮಾರ ಎಡಕ್ಕ, ಅಣ್ಣಾ’ ಎಂದೆ.